ಸಾಸಿವೆ ಎಂಬ ಹೆಸರು

ಆ ಮನೆಗೆ ಹೊಸಬಳು ಬಂದರೆ ಯಜಮಾನಿ ಮೊದಲು ಕೊಡುತ್ತಿದ್ದುದು ಒಂದು ಟವೆಲ್ಲು, ಆಮೇಲೆ ಒಂದು ಸುಳ್ಳು ಹೆಸರು. ಎಲ್ಲರಿಗೂ ಅವಳು ಅತ್ತೆ. ಯಾರ ಗಂಡನನ್ನೂ ಹೆತ್ತವಳಲ್ಲ. "ನಿಜದ ಹೆಸರನ್ನ ಗಿರಾಕಿ ಬಾಯಿಗೆ ಹಾಕ್ಬೇಡಿ ಕಣ್ರೇ, ಎಂಜಲಾಗಿ ವಾಪಸ್ ಬರುತ್ತೆ" ಎಂಬುದು ಅವಳ ಏಕೈಕ ಉಪದೇಶ.

ಮಹಡಿ ಕೋಣೆಯವಳು ಅದನ್ನು ಮೀರಿದ್ದು ಗಡಿಯಾರ ರಿಪೇರಿಯವನೊಬ್ಬನಿಗಾಗಿ. ಮಧ್ಯಾಹ್ನ ಅಂಗಡಿ ಬಾಗಿಲೆಳೆದು ಬರುತ್ತಿದ್ದ ಅವನು ಷರಟು ಬಿಚ್ಚಿದ್ದಕ್ಕಿಂತ ಮನಸ್ಸು ಬಿಚ್ಚಿದ್ದೇ ಹೆಚ್ಚು. ಅಪ್ಪ ಹೊಡೆದದ್ದು, ಕಣ್ಣು ಮಂಜಾಗುತ್ತಿರುವುದು, ಸಣ್ಣ ತಿರುಪು ಕೈಜಾರಿ ಬಿದ್ದಾಗ ನೆಲದಲ್ಲಿ ಕೂತು ಅತ್ತದ್ದು. ಕೇಳಿ ಕೇಳಿ ಕರಗಿ, ಒಂದು ದಿನ ಅವಳೂ ಹೇಳಿಬಿಟ್ಟಳು: ಅಮ್ಮ ತನ್ನನ್ನು ಸಾಸಿವೆ ಎನ್ನುತ್ತಿದ್ದಳು. ಅಷ್ಟು ಪುಟ್ಟವಳು, ಅಷ್ಟೇ ಸಿಡುಕಿ. ಅಮ್ಮ ಸತ್ತ ಮೇಲೆ ಹಾಗೆ ಕರೆದವರಿಲ್ಲ.

ಅಂದಿನಿಂದ ಅವನು ಕರೆಯತೊಡಗಿದ. ಅವಳು ಗೋಡೆಗೆ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.

ಹೋದ ವಾರ ಕನ್ನಡಕದ ಅಂಗಡಿಯವನು ಮೊದಲ ಸಲ ಬಂದ. ಮಂಚದ ಮೇಲೆ ಕಾಲು ಚಾಚಿ, "ಏನೇ ಸಾಸಿವೆ, ಸ್ವಲ್ಪ ಸಿಡಿ ನೋಡೋಣ" ಎಂದ.

"ಯಾರು ಹೇಳಿದ್ದು?"

"ನಮ್ಮ ಗಡಿಯಾರದೋನು. ಟೀ ಕುಡೀತಾ ದಿನಾ ಇದೇ ಪುರಾಣ. ಅಮ್ಮನ ಕಥೆ ಹೇಳ್ತಾ ನೀನು ಅಳೋದನ್ನ ಎಷ್ಟು ಚೆನ್ನಾಗಿ ಮಾಡಿ ತೋರಿಸ್ತಾನೆ ಗೊತ್ತಾ!"

ಕನ್ನಡಕದವನ ಚಪ್ಪಲಿ ಅವನಿಗಿಂತ ಮೊದಲು ಮೆಟ್ಟಿಲಿಳಿಯಿತು. ಅತ್ತೆ ಕೆಳಗಿನಿಂದ ನೋಡಿದಳು.

ಗಡಿಯಾರದವನು ಬಂದಾಗ ಸುದ್ದಿ ಅವನಿಗೂ ಮುಟ್ಟಿತ್ತು. "ಕೋಪ ಮಾಡ್ಕೋಬೇಡ. ಅಭಿಮಾನದಿಂದ ಹೇಳ್ದೆ. ನನಗೂ ಒಬ್ಬಳಿದ್ದಾಳೆ ಅಂತ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು."

"ಸರಿ. ನಿಮ್ಮ ಹೆಂಡತೀನ ಮುದ್ದಿಗೆ ಏನಂತ ಕರೀತೀರಿ?"

ಅವನ ಮುಖ ಬಿಗಿದುಕೊಂಡಿತು. "ಅವಳ ಹೆಸರು ಈ ಜಾಗದಲ್ಲಿ ಬೇಡ."

"ಓಹೋ! ಅವರ ಹೆಸರಿಗೆ ಈ ಮೆಟ್ಟಿಲು ಮೈಲಿಗೆ. ನಮ್ಮಮ್ಮ ಇಟ್ಟ ಹೆಸರು ಮಾತ್ರ ಟೀ ಜೊತೆ ನೆಂಚ್ಕೊಳ್ಳೋಕೆ!"

"ಸಾಸಿವೆ, ಕೇಳಿಲ್ಲಿ..."

"ಬಾಯಿ ಮುಚ್ಚಿ." ಅವಳು ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದಳು. "ಬಟ್ಟೆ ಬಿಚ್ಚಿ."

"ನಾನು ಅದಕ್ಕೆ ಬಂದಿಲ್ಲ. ಮಾತಾಡೋಕೆ ಬಂದೆ."

"ಇನ್ಮೇಲೆ ಇಲ್ಲಿ ಸಿಗೋದು ಅದೊಂದೇ. ಮಾತು ಬೇಕಿದ್ರೆ, ಹೆಸರು ಸಮೇತ ಮನೇಲಿ ಜೋಪಾನ ಮಾಡಿಟ್ಟಿದೀರಲ್ಲ, ಅವರ ಹತ್ರ ಹೋಗಿ."

ಅವನು ಷರಟಿನ ಗುಂಡಿಯ ಮೇಲೆ ಕೈಯಿಟ್ಟು ನಿಂತ. ಬಿಚ್ಚಲೂ ಇಲ್ಲ, ಹೊರಡಲೂ ಇಲ್ಲ.

ಅವಳು ಬಾಗಿಲು ತೆರೆದು ಕೆಳಕ್ಕೆ ಕೂಗಿದಳು: "ಅತ್ತೇ, ಮುಂದಿನವರನ್ನ ಕಳಿಸಿ!"