ಬಿಟ್ಟುಹೋದ ನಾಲ್ಕು ಪದ್ಯಗಳು

ನನ್ನ ತಂಗಿಗೆ ಹೆಸರು ತಂದುಕೊಟ್ಟದ್ದು ಒಂದು ಮೌನ.

ಗ್ರಂಥಾಲಯದ ಮೂರನೆಯ ಮಹಡಿಯ ಹಸ್ತಪ್ರತಿ ಕೋಣೆಯಲ್ಲಿ ಕೂತು, ಏಳುನೂರು ವರ್ಷ ಹಳೆಯ ಯುದ್ಧಕಾವ್ಯವೊಂದನ್ನು ಹನ್ನೊಂದು ವರ್ಷ ನಕಲು ಮಾಡಿ ಅಚ್ಚಿಗೆ ಕೊಟ್ಟೆ. ಓದಿದವರು ಬೆರಳೆಣಿಕೆಯಷ್ಟು. ಅವರಲ್ಲಿ ತಂಗಿಯೂ ಒಬ್ಬಳು. ಅದೇ ವಿಶ್ವವಿದ್ಯಾಲಯದಲ್ಲಿ ಆಧುನಿಕೋತ್ತರ ಸಿದ್ಧಾಂತ ಪಾಠ ಮಾಡುವವಳು. ಕಾವ್ಯದಲ್ಲಿ ತಾಯಿಯೊಬ್ಬಳು ಸತ್ತ ಮಗನ ಬಳಿ ಕುಸಿಯುತ್ತಾಳೆ. ಮರುಪದ್ಯದಲ್ಲೇ ಎದ್ದು ನಡೆಯುತ್ತಾಳೆ. ಅಳುವೇ ಇಲ್ಲ. ಆ ಮೌನ ಅರ್ಥಕ್ಕೆ ಒಗ್ಗದ ದುಃಖ, ಪಠ್ಯ ತನ್ನನ್ನೇ ಒಡೆದುಕೊಂಡ ಜಾಗ ಎಂದು ತಂಗಿ ಪುಸ್ತಕ ಬರೆದಳು. ಮೂರು ಮುದ್ರಣ ಕಂಡಿತು. ಚಿಕ್ಕಂದಿನಲ್ಲಿ ಅಪ್ಪ ಕಾವ್ಯ ಹಾಡುವಾಗ ನಾನು ಕೈಮುಗಿದು ಕೂತಿರುತ್ತಿದ್ದೆ, ಅವಳು ಗೊರಕೆ ಹೊಡೆಯುತ್ತಿದ್ದಳು. ದೇವರೇ, ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು.

ಮೊನ್ನೆ ವಿಭಾಗದ ಮುಖ್ಯಸ್ಥರು ಕರೆದು, ನಿಮ್ಮ ಮಧ್ಯಕಾಲೀನ ಅಧ್ಯಯನವನ್ನು ತಂಗಿ ನೋಡಿಕೊಳ್ಳುವ ಸಿದ್ಧಾಂತ ಶಾಖೆಗೆ ಸೇರಿಸುತ್ತೇವೆ ಎಂದರು. "ಇನ್ಮೇಲೆ ಅಕ್ಕ, ತಂಗಿಯ ಕೈಕೆಳಗೆ; ಮನೇಲೇ ಬಗೆಹರಿಸ್ಕೊಳ್ಳಿ!" ಎಂದು ನಕ್ಕರು.

ನಾನು ಮೂಲ ಪ್ರತಿ ಬಿಚ್ಚಿದೆ. ಎಲ್ಲಾದರೂ ಅವಳು ಎಡವಿರಬೇಕು ಎಂಬ ಆಸೆ. ಎಡವಿದ್ದು ನಾನೇ. ತಾಯಿ ಕುಸಿಯುವ ಪದ್ಯವೂ ಅದಾದ ನಾಲ್ಕನೆಯ ಪದ್ಯವೂ ಒಂದೇ ಮಾತಿನಲ್ಲಿ ಮುಗಿಯುತ್ತವೆ. ನಕಲು ಮಾಡುವಾಗ ನನ್ನ ಕಣ್ಣು ಅಲ್ಲಿಂದ ಇಲ್ಲಿಗೆ ಜಿಗಿದಿದೆ. ಹೀಗೆ ಬಿಟ್ಟುಹೋದ ನಾಲ್ಕೂ ಪದ್ಯಗಳಲ್ಲಿ ತಾಯಿ ಅತ್ತಿದ್ದಾಳೆ.

ಹೇಳಿದರೆ ಅವಳ ಪುಸ್ತಕ ಬೀಳುತ್ತದೆ, ನನ್ನ ಹನ್ನೊಂದು ವರ್ಷವೂ. ಬೀಳಲಿ, ಅವಳ ಮುಖ ನೋಡಬೇಕು ಅನ್ನಿಸಿತು.

ಇವತ್ತು ಆ ಪುಸ್ತಕದ ಬಗ್ಗೆ ಅವಳ ಸಾರ್ವಜನಿಕ ಉಪನ್ಯಾಸವಿತ್ತು; ಶುರುವಾಗಲು ಹತ್ತು ನಿಮಿಷ ಇರುವಾಗ ಅವಳ ಬಳಿ ಹೋದೆ.

"ಏನಕ್ಕಾ, ಮತ್ತೆ ಹುಳ ತಿಂದ ಹಾಳೆ ಸಿಕ್ತಾ?"

"ನಿನ್ನ ಮೌನ ಇದೆಯಲ್ಲ, ಅದು ನನ್ನ ಕಣ್ತಪ್ಪು ಕಣೇ." ಪುಟದ ಪ್ರತಿ ಕೊಟ್ಟೆ.

ಅವಳು ನಿಂತೇ ಓದಿದಳು. "ಯಾವಾಗ ಗೊತ್ತಾಯ್ತು?"

"ಮೊನ್ನೆ."

"ಇಷ್ಟು ಹೊತ್ತು ಇಟ್ಕೊಂಡು, ಸರಿಯಾಗಿ ಈಗ ತಂದ್ಯಾ? ಹೊಟ್ಟೆಕಿಚ್ಚಾ?"

"ಹೂಂ."

"ಅಬ್ಬಾ, ಒಂದು ಸಲನಾದ್ರೂ ಒಪ್ಕೊಂಡ್ಯಲ್ಲ ಮಹಾತಾಯಿ."

ವೇದಿಕೆಯಲ್ಲಿ ಅವಳು ತನ್ನ ಟಿಪ್ಪಣಿಗಳನ್ನು ಮುಟ್ಟಲಿಲ್ಲ. "ನನ್ನ ಪುಸ್ತಕ ತಪ್ಪು. ಅಚ್ಚಿನಲ್ಲಿ ನಾಲ್ಕು ಪದ್ಯ ಬಿಟ್ಟುಹೋಗಿವೆ. ಕಂಡುಹಿಡಿದದ್ದು ನಮ್ಮಕ್ಕ. ಮೂರು ಮಹಡಿ ಹತ್ತಿದ್ರೆ ನನಗೂ ಸಿಗ್ತಿತ್ತು, ಹತ್ತಲಿಲ್ಲ. ದಯವಿಟ್ಟು ಆ ಕೋಣೆನ ನನ್ನ ಕೈಕೆಳಗೆ ಹಾಕ್ಬೇಡಿ." ಬಿಟ್ಟವರು ಯಾರೆಂದು ಹೇಳಲಿಲ್ಲ.

ಆಮೇಲೆ ಪದ್ಯಗಳನ್ನು ಓದಿದಳು. ಎರಡು ಕಡೆ ತಡವರಿಸಿದಳು, ಛಂದಸ್ಸನ್ನು ಕೆಡಿಸಿದಳು. ಮೂರನೆಯ ಪದ್ಯವನ್ನು ಅಳುತ್ತಲೇ ಓದಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಎರಡು ದಿನದಿಂದ ಆ ಪದ್ಯಗಳು ನನ್ನ ಬಳಿಯೇ ಇದ್ದವು. ಹತ್ತು ಸಲ ಓದಿದ್ದೆ, ತಂಗಿ ಎಷ್ಟು ಆಳಕ್ಕೆ ಬೀಳುತ್ತಾಳೆ ಎಂದು ಅಳೆಯಲು. ಒಮ್ಮೆಯೂ ಕಣ್ಣು ಒದ್ದೆಯಾಗಿರಲಿಲ್ಲ. ಈಗ ಆ ತಾಯಿಯ ಅಳು ಮೊದಲ ಸಲ ಕೇಳಿಸಿತು, ಅದೂ ತಂಗಿಯ ಬಾಯಲ್ಲಿ. ಅದು ಅವಳಿಗೆ ಒಲಿದದ್ದನ್ನೂ ನನಗೆ ಸಹಿಸಲಾಗಲಿಲ್ಲ.