ಶುಕ್ರಣ್ಣನ ‘ಆತಾ?’

ಹೊನ್ನಾವರ ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಮಾಳಿಗೆಯ ಮೇಲೆ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಒಂದು ಕೋಣೆ, ಗೋಡೆಗೆ ಹೊಡೆದ ಹಳೆ ಕಂಬಳಿ, ಒಂದು ಕಂಪ್ಯೂಟರು, ಎರಡು ಮೈಕು. ಭಜನೆ, ಯಕ್ಷಗಾನ ಆಟದ ಪ್ರಚಾರ, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಘೋಷಣೆ, ಎಲ್ಲವನ್ನೂ ಮಾಡಿಕೊಡುತ್ತೇನೆ. ನನ್ನ ಹೆಸರು ಗುರುದತ್ತ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಾಗಮ್ಮ ಬಂದರು. ಶರಾವತಿಯ ಆಚೆ ದಡದವರು. ಬೆಳಿಗ್ಗೆ ಪೇಟೆಯಲ್ಲಿ ಬಸಳೆ, ಹರಿವೆ ಮಾರುತ್ತಾರೆ, ನನಗೂ ಸೊಪ್ಪು ಅವರದ್ದೇ. ಜೊತೆಗೆ ಗಂಡ ಶುಕ್ರಣ್ಣ ಇದ್ದರು. ಮಾತೇ ಆಡದ ಮನುಷ್ಯ.

“ತಮಾ, ನನ್ನ ಹಾಡು ಫೋನಿಗೆ ಹಾಕಿಕೊಡ್ತ್ಯಾ?” ಎಂದರು ನಾಗಮ್ಮ. “ಗದ್ದೆ ಸಸಿ ನೆಡೂಕೆ ಈಗ ಮೆಷಿನ್ ಬಂತು. ನಾನು ಒಂದು ನುಡಿ ಹಾಡುದ್ರೊಳಗೆ ಅದು ಗದ್ದೆ ಮುಗಿಸಿ ಆಚೆ ಹೋಗಿರ್ತದೆ.”

ಅದು ಹೆಣ್ಣು ನೋಡಲು ಹೊರಟ ಬೆಳ್ಳಕ್ಕಿಯ ಹಾಡು. ಇಪ್ಪತ್ತೇಳು ನುಡಿ. ಒಂದೊಂದು ನುಡಿಯನ್ನೂ ಆಚೆ ಗದ್ದೆಯವರನ್ನು ಕರೆಯುವ ಹಾಗೆ ಶುರು ಮಾಡುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ದನಿ ಉಸಿರಿನಷ್ಟೇ ಉಳಿಯುತ್ತಿತ್ತು. ಯಾಕೆ ಎಂದು ಕೇಳಿದೆ. “ಅಷ್ಟೊತ್ತಿಗೆ ಬಗ್ಗಿ ಸಸಿ ಊರ್ತಾ ಇರ್ತೇವಲ್ಲ, ದನಿ ಕೆಸರಿಗೆ ಹೋಗ್ತದೆ” ಎಂದರು.

ಶುಕ್ರಣ್ಣ ಬಾಗಿಲ ಹತ್ತಿರ ಪ್ಲಾಸ್ಟಿಕ್ ಖುರ್ಚಿಯಲ್ಲಿ ಚಪ್ಪಲಿ ಬಿಚ್ಚದೆ ಕೂತಿದ್ದರು. ಅವರಿಗೆ ಊರ ಕಡೆಯ ನಾಲ್ಕೂವರೆ ಗಾಡಿ ತಪ್ಪುವ ಚಿಂತೆ.

ಮಿಕ್ಸಿಂಗಿಗೆ ಕೂತಾಗ ತೊಂದರೆ ಕಂಡಿತು. ನುಡಿಯ ಶುರುವಿಗೆ ಕಿವಿ ಹರಿಯುತ್ತದೆ, ಕೊನೆ ಕೇಳುವುದೇ ಇಲ್ಲ. ಅದಕ್ಕೆ ಮದ್ದು ಕಂಪ್ರೆಸರ್. ದನಿ ಒಂದು ಮಟ್ಟ ದಾಟಿದ ಕೂಡಲೇ ಅದು ತಲೆಯ ಮೇಲೆ ಕೈಯಿಟ್ಟು ಅದುಮುತ್ತದೆ. ದೊಡ್ಡದು ತಗ್ಗಿ ಸಣ್ಣದರ ಹತ್ತಿರ ಬಂದ ಮೇಲೆ ನಾವು ಒಟ್ಟಿಗೇ ಎತ್ತುತ್ತೇವೆ. ಆಗ ಪಿಸುಮಾತೂ ಕೂಗಿನ ಪಕ್ಕ ನಿಲ್ಲುತ್ತದೆ. ಎರಡಕ್ಕೆ ಒಂದು, ಮೂರಕ್ಕೆ ಒಂದು ಅದುಮಿದರೆ ಸಾಕಿತ್ತು. ನಾನು ಹನ್ನೆರಡಕ್ಕೆ ಒಂದು ಇಟ್ಟೆ. ಬಸ್ಸಿನಲ್ಲಿ ಕೂತವರಿಗೂ ಕೇಳಲಿ ಎಂಬ ಆಸೆ.

ಹಾಗೆ ಎತ್ತಿದಾಗ ಪ್ರತಿ ನುಡಿಯ ಕೊನೆಗೆ ಗಂಡಸಿನ ದನಿಯೊಂದು ಎದ್ದು ಬಂತು. “ಆತಾ?”

ಹಾಡಿನದ್ದೇ ಸೊಲ್ಲು ಎಂದುಕೊಂಡೆ. ಚೆಂದವೂ ಇತ್ತು. ಹಾಗೇ ಬಿಟ್ಟು ಕಳಿಸಿದೆ.

ಆಮೇಲೆ ಗೊತ್ತಾಯಿತು, ಅದು ಶುಕ್ರಣ್ಣ ಬಾಗಿಲ ಹತ್ತಿರ ಕೂತು, ನುಡಿ ಮುಗಿದಾಗಲೆಲ್ಲ ಹಾಡು ಮುಗಿಯಿತಾ ಎಂದು ತಮ್ಮಷ್ಟಕ್ಕೇ ಗೊಣಗಿದ್ದು. ಇಪ್ಪತ್ತೇಳು ಸಲ.

ಹದಿನೈದು ದಿನದಲ್ಲಿ ಹಾಡು ವಾಟ್ಸಾಪಿನಲ್ಲಿ ಭಟ್ಕಳದಿಂದ ಕುಮಟಾದವರೆಗೆ ಹರಡಿತು. ಬೆಳ್ಳಕ್ಕಿಯ ವಿಷಯ ಯಾರಿಗೂ ಬೇಕಿರಲಿಲ್ಲ. ಶಾಲೆ ಮಕ್ಕಳು, ಕಂಡಕ್ಟರು, ಮೀನು ಮಾರುವ ಬಂಗಾರಿ, ಎಲ್ಲರ ಬಾಯಲ್ಲೂ “ಆತಾ?” ಮದುವೆ ಊಟದಲ್ಲಿ ಬಡಿಸುವವರು ಪಂಕ್ತಿಯ ಕೊನೆಗೆ ನಿಂತು “ಆತಾ?” ಎಂದರೆ ಇನ್ನೂರು ಜನ ಎಲೆಯ ಮುಂದೆ ಕೂತೇ ನಗುತ್ತಿದ್ದರು.

ಕುಮಟಾದ ಒಂದು ಯುವಕ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದರು. ನಾಗಮ್ಮ ಬರಲಿ, ಆದರೆ ಆತಾ ಅನ್ನುವವರು ಬರಲೇಬೇಕು ಎಂಬ ಷರತ್ತು. ಶುಕ್ರಣ್ಣನಿಗೆ ಹೊಸ ಅಂಗಿ ಹಾಕಿಸಿ ವೇದಿಕೆಯಲ್ಲಿ ಕೂರಿಸಿದೆವು. ಮೈಕು, ಸ್ಪೀಕರಿನ ಕೆಲಸ ನನ್ನದು. ನಾಗಮ್ಮ ಮೊದಲ ನುಡಿ ಹಾಡಿದರು. ಶುಕ್ರಣ್ಣ ಮೈಕಿಗೆ ಬಾಯಿ ತಾಗಿಸಿ, ದೋಣಿಯವರನ್ನು ಕರೆದ ಹಾಗೆ “ಆತಾಆಆ!” ಎಂದು ಕೂಗಿದರು.

ಜನ ತಣ್ಣಗಾದರು. “ಇದು ಡುಪ್ಲಿಕೇಟು” ಎಂದರು ಮುಂದಿನ ಸಾಲಿನವರು. ಎರಡನೇ ನುಡಿಗೂ ಅದೇ ಕಥೆ. ಸಂಘದ ಕಾರ್ಯದರ್ಶಿ ಗಾಬರಿಯಾಗಿ, ಮೊದಲು ಮುಖ್ಯ ಅತಿಥಿಗಳ ಭಾಷಣ ಮುಗಿಯಲಿ ಎಂದು ಹಾಡು ನಿಲ್ಲಿಸಿದ. ನಾನು ಶುಕ್ರಣ್ಣನ ಕಿವಿಯಲ್ಲಿ ಹೇಳಿದೆ: “ಅಣ್ಣಾ, ಎಂತ ಮಾಡೂದೂ ಬೇಡ. ಮೈಕು ಇಲ್ಲ ಅಂದ್ಕಂಡು ಸುಮ್ನೆ ಕೂತ್ಕಳಿ.” ಆಮೇಲೆ ಅವರ ಮೈಕಿಗೆ ಅದೇ ಹನ್ನೆರಡಕ್ಕೆ ಒಂದರ ಕಂಪ್ರೆಸರ್ ಹಾಕಿದೆ. ಮೈಕು ಬಂದ್ ಮಾಡುವುದು ಮರೆತುಹೋಯಿತು.

ಮುಖ್ಯ ಅತಿಥಿಗಳು ಯುವಶಕ್ತಿಯಿಂದ ಹೊರಟು ಸಮುದ್ರ, ಸಹ್ಯಾದ್ರಿ, ಋಷಿಮುನಿಗಳನ್ನು ದಾಟಿ ಮತ್ತೆ ಯುವಶಕ್ತಿಗೆ ಬಂದರು. ಮೂವತ್ತನೇ ನಿಮಿಷಕ್ಕೆ “ಕೊನೆಯದಾಗಿ ಇನ್ನೊಂದು ಮಾತು” ಎಂದು ಉಸಿರು ಎಳೆದುಕೊಂಡರು. ಆಗ ಎಂಟು ದೊಡ್ಡ ಸ್ಪೀಕರಿನಿಂದ, ಸಣ್ಣದೂ ಅಲ್ಲದ, ದೊಡ್ಡದೂ ಅಲ್ಲದ, ಎಲ್ಲರ ಕಿವಿಯ ಪಕ್ಕದಲ್ಲೇ ಕೂತು ಹೇಳಿದಂಥ ದನಿ ಬಂತು.

“ಆತಾ?”

ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಶುಕ್ರಣ್ಣ ಬೆಚ್ಚಿ ಮೈಕನ್ನು ನೋಡಿದರು. ಮುಖ್ಯ ಅತಿಥಿಗಳು “ಆತು” ಎಂದು ಹೇಳಿ ಕೂತುಬಿಟ್ಟರು. ಆಮೇಲೆ ಶುಕ್ರಣ್ಣನ ಕೈ ಹಿಡಿದು, ತಮ್ಮ ಭಾಷಣಕ್ಕೆ ಜನ ಎದ್ದು ನಿಂತಿದ್ದು ಇದೇ ಮೊದಲು ಎಂದು ಕಣ್ಣು ಒರೆಸಿಕೊಂಡರು.

ಅಲ್ಲಿಂದ ಶುಕ್ರಣ್ಣನಿಗೆ ಪುರುಸೊತ್ತಿಲ್ಲ. ಸೊಸಾಯಿಟಿಯ ವಾರ್ಷಿಕ ಸಭೆ, ಶಾಲೆಯ ಸಮಾರಂಭ, ಬೀಳ್ಕೊಡುಗೆ, ಎಲ್ಲಿ ಭಾಷಣವಿದೆಯೋ ಅಲ್ಲಿಗೆ ಅವರು ಬೇಕು. ಒಬ್ಬ ಶುಕ್ರಣ್ಣ, ಒಂದು ಖುರ್ಚಿ, ಒಂದು ಮೈಕು, ಒಂದು ಕಂಪ್ರೆಸರ್: ಇದಕ್ಕೆ ‘ಆತಾ ಸೆಟ್’ ಎಂದೇ ಹೆಸರಾಯಿತು. ಅವರು ವೇದಿಕೆ ಹತ್ತುವುದು ಕಂಡರೆ ಭಾಷಣಕಾರರು ಕಾಗದ ಮಡಚಿ ಕಿಸೆಗೆ ಹಾಕುತ್ತಿದ್ದರು. ಭಟ್ಕಳದ ಒಂದು ಸಭೆಯಲ್ಲಿ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ವಂದನಾರ್ಪಣೆ ಎಲ್ಲ ಸೇರಿ ಒಂಬತ್ತು ನಿಮಿಷಕ್ಕೆ ಮುಗಿದು, ಉಪ್ಪಿಟ್ಟು ಬೇಯುವವರೆಗೆ ಜನ ಸುಮ್ಮನೆ ಕೂರಬೇಕಾಯಿತು.

ಕೊನೆಗೆ ಅವರಿಗೇ ಸನ್ಮಾನ ಮಾಡಿದರು. ಶಾಲು ಹೊದೆಸಿ, ನಾಲ್ಕು ಮಾತಾಡಿ ಎಂದರು. “ನಾ ಎಂತ ಹೇಳುದು” ಎಂದು ಎದ್ದ ಶುಕ್ರಣ್ಣ, ಹೊನ್ನಾವರದ ಗಾಡಿಗಳು ಯಾವ ಕಾಲದಲ್ಲಿ ಎಷ್ಟು ಹೊತ್ತಿಗೆ ಬಿಡುತ್ತಿದ್ದವು, ಯಾವ ಡ್ರೈವರು ಕಾಯುತ್ತಿದ್ದ, ಯಾವನು ಕಾಯುತ್ತಿರಲಿಲ್ಲ ಎಂದು ಒಂದೂಕಾಲು ಗಂಟೆ ಮಾತಾಡಿದರು. ನಿಲ್ಲಿಸುವವರಿಲ್ಲ. ನಿಲ್ಲಿಸುವ ಮೈಕು ಅವರ ಕೈಯಲ್ಲೇ ಇತ್ತು.

ನಾಗಮ್ಮ ಆ ದಿನ ವೇದಿಕೆಯ ಮೂಲೆಯಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಅವರನ್ನು ಎಲ್ಲ ಕಡೆಗೂ ಕರೆಯುತ್ತಿದ್ದರು, ಎರಡು ನುಡಿ ಹಾಡಿಸಿ ಸಾಕು ಅನ್ನುತ್ತಿದ್ದರು. ಹಾಡಿನ ಬೆಳ್ಳಕ್ಕಿ ಹೆಣ್ಣಿನ ಮನೆಯ ಬೇಲಿಯ ದಣಪೆಯನ್ನು ಒಮ್ಮೆಯೂ ದಾಟಿರಲಿಲ್ಲ. ಅವರ ಮುಖ ನೋಡಿ ನನಗೆ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಸೊಪ್ಪಿನ ಬುಟ್ಟಿಯ ಸಮೇತ ಮಾಳಿಗೆ ಹತ್ತಿ ಬಂದರು.

“ತಮಾ, ಅವ್ರನ್ನ ಮನೇಲೇ ಬಿಟ್ಟು ಬಂದೆ. ಇನ್ನೊಂದ್ಸಲ ಹಾಡ್ತೆ. ಯಾರ ತಲೆಯನ್ನೂ ಅದುಮೂಕೆ ಹೋಗ್ಬೇಡ.”

“ಕೊನೆ ಸಾಲು ಯಾರಿಗೂ ಕೇಳೂದಿಲ್ಲ ನಾಗಕ್ಕ.”

“ಕೆಸರಿಗೆ ಹೋದ್ರೆ ಹೋಗ್ಲಿ.”

ಇಪ್ಪತ್ತೇಳು ನುಡಿಯನ್ನೂ ಹಾಡಿದರು. ನಾನು ಏನನ್ನೂ ಅದುಮಲಿಲ್ಲ, ಎತ್ತಲಿಲ್ಲ, ಹಾಗೇ ಕಳಿಸಿದೆ.

ಜನ ಫೋನು ಹಾಳಾಯಿತು ಎಂದುಕೊಂಡರು. ನುಡಿಯ ಅರ್ಧಕ್ಕೆ ದನಿ ಕಟ್ಟಾಗುತ್ತದೆ ಎಂದು ರಿಪೇರಿ ಅಂಗಡಿಗಳಿಗೆ ಓಡಿದರು. ಭಟ್ಕಳದ ಹತ್ತಿರ ಜಾಲಿಯಲ್ಲಿ ಅಜಯ ಎಂಬವನ ಅಂಗಡಿಗೆ ಒಂದೇ ವಾರದಲ್ಲಿ ನಲವತ್ತು ಫೋನು ಬಂದವಂತೆ. ಅವನು ಸ್ಪೀಕರಿನ ಧೂಳು ಬ್ರಷ್ಷಿನಲ್ಲಿ ತೆಗೆದು, ಸರಿಯಾಯಿತೋ ಎಂದು ನೋಡಲು ಪ್ರತಿ ಸಲವೂ ಅದೇ ಹಾಡು ಹಾಕಿ, ಕೊನೆ ಸಾಲು ಕೇಳದಾಗ ಇಯರ್‌ಫೋನ್ ಸಿಕ್ಕಿಸಿ, ಕೊನೆಯವರೆಗೆ ಕೇಳಿದ. ನಲವತ್ತು ಸಲ ಕೇಳಿದ ಮೇಲೆ ನನ್ನಿಂದ ನಾಗಮ್ಮನ ನಂಬರು ಇಸಿದುಕೊಂಡ.

ಅವನು ಫೋನು ಮಾಡಿದಾಗ ನಾನು ಪೇಟೆಯಲ್ಲಿ ನಾಗಮ್ಮನ ಮುಂದೆಯೇ ಬಸಳೆ ಆರಿಸುತ್ತಿದ್ದೆ. ಹತ್ತೊಂಬತ್ತನೇ ನುಡಿಯ ಕೊನೆ ಸಾಲು ಅವನಿಗೆ ಸ್ಪಷ್ಟ ಆಗಿರಲಿಲ್ಲವಂತೆ. ಬೆಳ್ಳಕ್ಕಿಯನ್ನು ನೋಡಿ ಹುಡುಗಿ ನಕ್ಕಳೋ, ಅತ್ತಳೋ?

“ಎರಡೂ ಅಲ್ಲ ತಮಾ” ಎಂದರು ನಾಗಮ್ಮ. “ತಡಿ, ಹೇಳ್ತೆ.”

ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು, ಬುಟ್ಟಿಯ ಮೇಲೆ ಬಗ್ಗಿ, ಫೋನಿಗಷ್ಟೇ ಕೇಳುವ ಹಾಗೆ ಹಾಡಿದರು. ಹರಿವೆಗೆ ಕೈ ಹಾಕಿದ್ದ ಹೆಂಗಸೊಬ್ಬಳು ಹಾಗೇ ನಿಂತಳು. ನಾನು ಎರಡೇ ಅಡಿ ದೂರವಿದ್ದೆ, ನನಗೆ ಒಂದಕ್ಷರವೂ ಕೇಳಲಿಲ್ಲ.

ಹಾಡಿ ಮುಗಿಸಿ, ಆಚೆಯಿಂದ ಅವನು ಹೇಳಿದ್ದನ್ನು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

“ಇಪ್ಪತ್ತನೇದೂ ಬೇಕಂತೆ ಇವಂಗೆ. ನೀ ಬಸಳೆ ಕಟ್ಟು ತಕ್ಕಂಡು ಹೋಗು.”