ಹಿಡಿದ ಕೈ

ಚೈತಾಲಿ ಮಗಳ ಕೈಯನ್ನು ಬೆಳಕಿಗೆ ತಿರುಗಿಸಿ ಹಿಡಿದಿದ್ದಳು. ಎರಡೂವರೆ ವರ್ಷದ ಮೋಕ್ಷಾಳ ಎಡ ಮಣಿಕಟ್ಟಿನ ಮೇಲೆ ನಾಲ್ಕು ಬೆರಳುಗಳ ಗುರುತು ಮೂಡಿತ್ತು. ಒಳಬದಿಯಲ್ಲಿ ಹೆಬ್ಬೆರಳು ಒತ್ತಿದ ಜಾಗ ಆಗಲೇ ನೀಲಿಗೆ ತಿರುಗುತ್ತಿತ್ತು.

“ಇದು ಎಂತ ಕುಶಲಕ್ಕ?”

ಹಗಲು ಹೊತ್ತು ಊರವರ ಮಕ್ಕಳನ್ನು ನೋಡಿಕೊಳ್ಳುವ ಕುಶಲಾ ಸೊಂಟದ ಮೇಲಿದ್ದ ಹತ್ತು ತಿಂಗಳ ಸಾಬಿತನನ್ನು ಇನ್ನೊಂದು ಬದಿಗೆ ಎತ್ತಿಕೊಂಡಳು. ಮಣಿಪಾಲದ ಬಸ್ಸಿನಿಂದ ಇಳಿದು ನೇರ ಇಲ್ಲಿಗೆ ಬಂದ ಚೈತಾಲಿಯ ಹೆಗಲಲ್ಲಿ ಇನ್ನೂ ಬ್ಯಾಗ್ ಇತ್ತು, ಕೊರಳಲ್ಲಿ ಲ್ಯಾಬಿನ ಕಾರ್ಡು ತೂಗುತ್ತಿತ್ತು. ಅವಳು ಬಂದ ಕೂಡಲೇ ಹೇಗೆ ಹೇಳುವುದು ಎಂದು ಕುಶಲಾ ಮಧ್ಯಾಹ್ನದಿಂದ ಮಾತು ಜೋಡಿಸುತ್ತಿದ್ದಳು.

“ನಾನೇ ಹೇಳುವ ಅಂತ ಇದ್ದೆ. ಇವರು ಹಿಡಿದರು.”

“ಯಾರು, ಅಂಕಲಾ?”

ಇಬ್ಬರೂ ಜಗಲಿಯ ಕಡೆ ನೋಡಿದರು. ಮುದ್ದಣ್ಣ ಕುರ್ಚಿಯಲ್ಲಿ ಕುಳಿತಿದ್ದ. ಸತ್ತಂತಿದ್ದ ಬಲಗೈ ಮಡಿಲಲ್ಲಿತ್ತು, ಎಡಗೈ ಕುರ್ಚಿಯ ತೋಳಿನ ಮೇಲೆ. ತನ್ನ ಕಡೆ ನೋಡುತ್ತಿದ್ದಾರೆಂದು ತಿಳಿದು ಅವನು ಅರ್ಧ ಬಾಯಲ್ಲಿ ನಕ್ಕ. ಕಾಯಿಲೆ ಬಿದ್ದ ಮೇಲೆ ಆ ನಗು ಯಾವ ಹೊತ್ತಿಗೆ ಬರುತ್ತದೆ ಎಂಬುದು ಅವನ ಕೈಯಲ್ಲಿರಲಿಲ್ಲ.

“ಯಾಕೆ ಹಿಡಿದದ್ದು?” ಎಂದಳು ಚೈತಾಲಿ.

ಕುಶಲಾ ಬಾಯಿ ತೆರೆದಳು. ಅವಳ ಕಣ್ಣು ತಾನಾಗಿ ಜಗಲಿಯ ಮೆಟ್ಟಿಲಿಗೆ ಅಡ್ಡವಾಗಿ ಇಟ್ಟಿದ್ದ ಬೆಂಚಿನ ಮೇಲೆ ಹೋಯಿತು.

“ಗೊತ್ತಿಲ್ಲ ಮಾರಾಯ್ತಿ. ನಾನು ಒಳಗಿದ್ದೆ.”

ಹಿರಿಯಡ್ಕ ಪೇಟೆಯಿಂದ ಐದು ನಿಮಿಷ ಒಳಗೆ ನಡೆದರೆ ಸಿಗುವ ಕೆಂಪುಕಲ್ಲಿನ ಆ ಸಣ್ಣ ಮನೆಯನ್ನು ಮುದ್ದಣ್ಣ ತಾನೇ ಕಟ್ಟಿದ್ದ. ಕಾಪುವಿನಿಂದ ಕಾರ್ಕಳದವರೆಗೆ ಊರವರ ಮನೆಗಳಿಗೆ ಗೋಡೆ ಎಬ್ಬಿಸಿದ ಮೇಸ್ತ್ರಿ ಅವನು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ದೇಹದ ಬಲಭಾಗ ಬಿದ್ದುಹೋಯಿತು. ಮಾತೂ ಹೋಯಿತು, ಉಳಿದದ್ದು ‘ಅದು’ ಎಂಬ ಒಂದೇ ಶಬ್ದ. ನೀರು ಬೇಕಾದರೂ ಅದು, ನೊಣ ಕೂತರೂ ಅದು. ಅವನನ್ನು ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುವುದು ಕುಶಲಾಳಿಗೆ ಸಾಧ್ಯವಾಗಲಿಲ್ಲ. ಮನೆಯಲ್ಲೇ ಕುಳಿತು ಮಾಡುವಂಥದ್ದು ಏನಾದರೂ ಸಿಕ್ಕೀತೇ ಎಂದು ಅವಳು ಹುಡುಕುತ್ತಿದ್ದಾಗಲೇ, ಪಕ್ಕದ ಬಾಡಿಗೆ ಮನೆಯ ಚೈತಾಲಿ ಮಗುವನ್ನು ಎತ್ತಿಕೊಂಡು ಬಂದು ಕೇಳಿದ್ದಳು: “ರಜೆ ಮುಗೀತು ಕುಶಲಕ್ಕ. ದೊಡ್ಡ ಪ್ಲೇ ಹೋಮಿಗೆ ಹಾಕ್ಲಿಕ್ಕೆ ಮನಸ್ಸಿಲ್ಲ. ಮನೆಯ ಹಾಗೆ ಇರಬೇಕು ನನಗೆ.” ಮೋಕ್ಷಾಳ ಹಿಂದೆಯೇ ನರ್ಸ್ ಬೆನೆಡಿಕ್ಟಾಳ, ಈಗ ಮೂರು ವರ್ಷ ತುಂಬಿದ, ಮಗ ಕಾರ್ಲ್ಟನ್ ಬಂದ. ಆಮೇಲೆ ಶಾಲೆಯಲ್ಲಿ ಟೀಚರ್ ಆಗಿದ್ದ ಸೌದಾಳ ಕೂಸು ಸಾಬಿತ್.

ಮನೆಯ ಹಾಗೆ ಇರಬೇಕು ಎಂದಾದರೂ ಮನೆಯನ್ನು ಇದ್ದ ಹಾಗೆ ಇಡಲಿಕ್ಕಾಗಲಿಲ್ಲ. ತರಕಾರಿ ಹೆಚ್ಚುವ ಮೆಟ್ಟುಕತ್ತಿ ಅಟ್ಟಕ್ಕೆ ಏರಿತು. ಫಿನಾಯಿಲು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ ಎಲ್ಲ ಕೈಗೆಟುಕದ ಕಡೆ ಹೋದವು. ಪ್ಲಗ್ಗಿನ ತೂತುಗಳಿಗೆ ಟೇಪು ಅಂಟಿತು, ಬಾವಿಗೆ ಕಬ್ಬಿಣದ ಬಲೆ ಬಂತು. ಚೈತಾಲಿ ತಂದ ಬಣ್ಣಬಣ್ಣದ ಮ್ಯಾಟಿನ ಅಡಿಯಲ್ಲಿ, ಮುದ್ದಣ್ಣ ಮೂರು ದಿನ ಉಜ್ಜಿ ಹೊಳಪು ತಂದಿದ್ದ ಕೆಂಪು ನೆಲ ಮರೆಯಾಯಿತು. ಬೆನೆಡಿಕ್ಟಾ ಕೊಟ್ಟ ಆನೆ, ಜಿರಾಫೆಗಳ ಚಿತ್ರಗಳನ್ನು ಕುಶಲಾ ಒಂದು ಗೋಡೆಗೆ ಮಾತ್ರ ಅಂಟಿಸಿ, ಮದುವೆಯ ಫೋಟೋ ಇದ್ದ ಗೋಡೆಯನ್ನು ಹಾಗೇ ಬಿಟ್ಟಳು. ಮಕ್ಕಳು ಸೀರೆಯ ತೊಟ್ಟಿಲಲ್ಲಿ, ಚಾಪೆಯ ಮೇಲೆ ಮಲಗುತ್ತಿದ್ದರು. ಕುಚ್ಚಲಕ್ಕಿ ಗಂಜಿಗೆ ತುಪ್ಪ ಬಿಟ್ಟು ಕಿವುಚಿದರೆ ತಟ್ಟೆ ಖಾಲಿ ಮಾಡುತ್ತಿದ್ದರು. ಜಗಲಿಯಿಂದ ಅಂಗಳಕ್ಕೆ ಇಳಿಯಲು ಎತ್ತರದ ಮೂರು ಮೆಟ್ಟಿಲುಗಳಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಅಲ್ಲಿಗೆ ಒಂದು ಬೆಂಚನ್ನು ಅಡ್ಡ ಇಟ್ಟಳು.

ಒಂದಕ್ಕೆ ಮಾತ್ರ ಅವಳು ಒಪ್ಪಲಿಲ್ಲ. ಚೈತಾಲಿಯ ಗಂಡ ಪ್ರತೀಕ್ ದುಬೈಯಲ್ಲಿದ್ದ. ಅಲ್ಲಿಂದಲೇ ಮಗಳನ್ನು ನೋಡಬಹುದು, ಒಂದು ಕ್ಯಾಮರಾ ಹಾಕಿಸಿಕೊಡುತ್ತೇನೆ ಎಂದಿದ್ದ. “ಇವರಿಗೆ ಬಟ್ಟೆ ಬದಲಾಯಿಸುವುದು, ಮೈ ಒರೆಸುವುದು ಎಲ್ಲ ಇದೇ ಹಾಲಿನಲ್ಲಿ. ಮನೆ ಅಲ್ವಾ ಇದು?” ಎಂದಿದ್ದಳು ಕುಶಲಾ. ಚೈತಾಲಿಗೆ ಅದು ಸರಿಯೆನಿಸಿ, ಗಂಡನಿಗೆ ತಾನೇ ಹೇಳಿ ಸುಮ್ಮನಾಗಿಸಿದ್ದಳು. ಮುದ್ದಣ್ಣನ ಮೇಲೆ ಅವಳಿಗೂ ಅಕ್ಕರೆ ಇತ್ತು. ಮೋಕ್ಷಾ ಅಜ್ಜನ ಬಾಯಿಗೆ ಬಿಸ್ಕತ್ತು ಇಡುವ ಫೋಟೋವನ್ನು ಅವಳೇ ತೆಗೆದು ಒಂದು ದಿನವಿಡೀ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳು.

ಮುದ್ದಣ್ಣ ಕೈ ಹಿಡಿದ ಆ ದಿನ ಬೆಳಿಗ್ಗೆ, ತೊಳೆದ ಬಟ್ಟೆಯ ಬಕೆಟ್ಟು ಹಿಡಿದು ಅಂಗಳಕ್ಕೆ ಇಳಿಯಲು ಕುಶಲಾ ಬೆಂಚನ್ನು ಪಕ್ಕಕ್ಕೆ ಎಳೆದಿದ್ದಳು. ಬಟ್ಟೆ ಒಣಹಾಕುವಾಗ ಒಳಗೆ ಕೂಸು ಅತ್ತಿತು. ಓಡಿಬಂದವಳು ಬೆಂಚನ್ನು ಮರೆತಳು. ಹನ್ನೆರಡು ಗಂಟೆಯ ಹೊತ್ತಿಗೆ ಬಚ್ಚಲಲ್ಲಿ ಸಾಬಿತನನ್ನು ತೊಳೆಯುತ್ತಿದ್ದಾಗ ಮೋಕ್ಷಾಳ ಚೀರಾಟ ಕೇಳಿಸಿತು. ಬಂದು ನೋಡಿದರೆ, ಮುದ್ದಣ್ಣ ಕುರ್ಚಿಯಿಂದ ಅರ್ಧ ಹೊರಗೆ ಬಾಗಿ ಮಗುವಿನ ಕೈಯನ್ನು ಬಲವಾಗಿ ಹಿಡಿದಿದ್ದ. ಅವಳು “ಬಿಡಿ” ಎಂದಳು, ಅವನು ಬಿಟ್ಟ. ಮಗು ಅಲ್ಲೇ ಕುಳಿತು ಅತ್ತಿತು. ಮೋಕ್ಷಾಳ ಮುಖ ಅಂಗಳದ ಕಡೆ ಇತ್ತೋ, ಕುರ್ಚಿಯ ಕಡೆ ಇತ್ತೋ, ಕಾಲು ಮೆಟ್ಟಿಲ ಅಂಚಿನಲ್ಲಿತ್ತೋ ಎಂದು ಆಮೇಲೆ ಎಷ್ಟು ಸಲ ಕಣ್ಣು ಮುಚ್ಚಿ ನೆನೆದರೂ ಕುಶಲಾಳಿಗೆ ಹೊಳೆಯಲಿಲ್ಲ. ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಅವಳು ಮೊದಲು ಮಾಡಿದ ಕೆಲಸವೆಂದರೆ ಬೆಂಚನ್ನು ಎಳೆದು ಮೆಟ್ಟಿಲಿಗೆ ಅಡ್ಡ ಇಟ್ಟದ್ದು.

ಈಗ ಚೈತಾಲಿ ಮಗಳ ಎದುರು ಮಂಡಿಯೂರಿ ಕೇಳಿದಳು: “ಅಜ್ಜ ಯಾಕೆ ಹಿಡಿದ್ರು ಪುಟ್ಟಾ?”

“ಅಜ್ಜ ಹಿಡಿದ್ರು.”

“ಯಾಕೆ?”

“ಗಟ್ಟಿ ಹಿಡಿದ್ರು,” ಎಂದಿತು ಮಗು, ಮಣಿಕಟ್ಟನ್ನು ತೋರಿಸಿ.

ಚೈತಾಲಿ ಜಗಳ ಮಾಡಲಿಲ್ಲ. ಮಗಳನ್ನು ಎತ್ತಿಕೊಂಡಳು, ಚಪ್ಪಲಿ ಹುಡುಕಿದಳು. ಬೆಂಚು ಸರಿಸಿ ದಾರಿ ಬಿಟ್ಟವಳು ಕುಶಲಾಳೇ. ದಿನವೂ “ಅಜ್ಜನಿಗೆ ಟಾಟಾ ಮಾಡು” ಎನ್ನುತ್ತಿದ್ದ ತಾಯಿ ಆ ದಿನ ಹಾಗೆ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಕುಶಲಾ ಗಂಡನ ಎದುರು ನೆಲದಲ್ಲಿ ಕುಳಿತಳು.

“ಮಗು ಬೀಳ್ತಾ ಇತ್ತಾ?”

ಮುದ್ದಣ್ಣ ತಲೆಯಾಡಿಸಿದ. ಹೌದು.

ಅವಳಿಗೆ ಉಸಿರು ಬಂತು. ಆದರೂ ಕೇಳಿದಳು: “ಸಿಟ್ಟು ಬಂದಿತ್ತಾ ನಿಮಗೆ?”

ಅವನು ಅದಕ್ಕೂ ತಲೆಯಾಡಿಸಿದ.

“ಸುಮ್ಮನೆ ಆಟಕ್ಕೆ ಹಿಡಿದದ್ದಾ?”

ಅದಕ್ಕೂ. “ಅದು,” ಎಂದ. ಕಣ್ಣಲ್ಲಿ ನೀರು ತುಂಬಿಕೊಂಡು ಕುರ್ಚಿಯ ತೋಳನ್ನು ಎಡಗೈಯಿಂದ ಬಡಿದು ಮತ್ತೆ “ಅದು, ಅದು” ಎಂದ. ಅವಳು ಅವನ ಕೈ ಹಿಡಿದು ಸಾಕು ಎಂದಳು.

ಮೂರು ದಿನ ಮೋಕ್ಷಾ ಬರಲಿಲ್ಲ. ಚೈತಾಲಿ ರಜೆ ಹಾಕಿದ್ದಾಳೆಂದು ತಿಳಿಯಿತು. ಸೌದಾ ಮಗುವನ್ನು ಬಿಡಲು ಬಂದವಳು ಗೇಟಿನ ಬಳಿ ನಿಂತು, ಬಹಳ ಮೆಲ್ಲಗೆ, “ಹಗಲು ಹೊತ್ತು ಅವರನ್ನು ಒಳಗೆ ಕೂರಿಸ್ಲಿಕ್ಕೆ ಆಗ್ತದಾ ಅಕ್ಕಾ? ಮನೆಯಲ್ಲಿ ಅತ್ತೆ ಕೇಳ್ತಾರೆ” ಎಂದಳು. ಬೆನೆಡಿಕ್ಟಾ ಹೆಚ್ಚು ಹೊತ್ತು ಕೂತಳು.

“ಅವರು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತುಂಟು. ಇಂಥವರಿಗೆ ಒಳ್ಳೆ ಕೈಯಲ್ಲಿ ಎಷ್ಟು ಜೋರು ಹಾಕ್ತೇವೆ ಅಂತ ಅಂದಾಜು ಸಿಗುದಿಲ್ಲ ಕೆಲವು ಸಲ. ಗಾಳಿ ಬೆಳಕಲ್ಲಿ ಕೂತರೆ ಅವರಿಗೆ ಒಳ್ಳೆಯದು. ಆದರೆ ಮಕ್ಕಳೂ ಉಂಟಲ್ವಾ.”

“ಆ ದಿನ ಬೆಂಚು…” ಎಂದಳು ಕುಶಲಾ.

“ಎಂತ ಬೆಂಚು?”

ಕಾರ್ಲ್ಟನ್ ಮ್ಯಾಟಿನ ಮೇಲೆ ಸ್ಟೀಲಿನ ಲೋಟವನ್ನು ಬಸ್ಸು ಮಾಡಿ ಓಡಿಸುತ್ತಿದ್ದ. ಬೆಂಚು ತೆಗೆದಿಟ್ಟವಳು ನಾನು ಎಂದರೆ ಈ ತಾಯಿ ನಾಳೆ ಇವನನ್ನು ಯಾವ ಧೈರ್ಯದಲ್ಲಿ ಬಿಟ್ಟುಹೋದಾಳು? ಗಂಡನ ಫಿಸಿಯೋಥೆರಪಿ, ಮಾತ್ರೆ, ಮನೆಯ ಅಕ್ಕಿ ಎಲ್ಲ ಈ ಮೂರು ಮಕ್ಕಳಿಂದ ನಡೆಯುತ್ತಿತ್ತು. ಮಾತಾಡಲಾಗದವನ ತಪ್ಪಾದರೆ ಅವನನ್ನು ಒಳಗೆ ಕೂರಿಸಬಹುದು. ಅವಳ ತಪ್ಪಾದರೆ?

“ಏನಿಲ್ಲ. ಬೆಂಚಿನ ಕಾಲು ಅಲ್ಲಾಡ್ತಾ ಉಂಟು, ಸರಿಮಾಡಿಸಬೇಕು,” ಎಂದಳು.

ನಾಲ್ಕನೆಯ ದಿನ ದುಬೈಯಿಂದ ಪ್ರತೀಕನ ಫೋನು ಬಂತು. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು.

“ತಪ್ಪು ತಿಳಿಬೇಡಿ ಆಂಟಿ. ಮೋಕ್ಷಾ ದಿನಾ ನಿಮ್ಮ ಹತ್ತಿರ ಹೋಗ್ಬೇಕು ಅಂತ ಅಳ್ತಾಳೆ. ನಾನಿಲ್ಲಿ ಕೂತು ಎಂತ ಮಾಡ್ಲಿಕ್ಕೂ ಆಗುದಿಲ್ಲ. ಕಣ್ಣಲ್ಲಿ ನೋಡಿದರೆ ಒಂದು ಸಮಾಧಾನ. ಅಂಕಲ್ ಬೇರೆ ರೂಮಲ್ಲಿ ಇರಲಿ, ಹಾಲಿಗೊಂದು ಕ್ಯಾಮರಾ ಇರಲಿ. ಅಷ್ಟೇ.”

“ಆಯ್ತು,” ಎಂದಳು ಕುಶಲಾ. ಕೇಳಿದ್ದಕ್ಕೆಲ್ಲ ಆಯ್ತು ಎನ್ನುತ್ತಾ ಹೋದಳು. ಫೋನು ಇಟ್ಟ ಮೇಲೆ, ಅವನು ಇನ್ನೂ ನಾಲ್ಕು ಕೇಳಿದ್ದರೂ ಆಯ್ತು ಎನ್ನುತ್ತಿದ್ದೆ ಎಂದು ಅವಳಿಗೆ ಅನಿಸಿತು.

ಹಿಂದಿನ ಕೋಣೆಯಲ್ಲಿ ತೆಂಗಿನಕಾಯಿ, ಹಳೆಯ ಚೀಲಗಳು, ಮುದ್ದಣ್ಣನ ಗಾರೆ ಕೆಲಸದ ಕರಣೆ, ತೂಗುಗುಂಡು ಇದ್ದವು. ಎಲ್ಲವನ್ನೂ ಸಾಗಿಸಿ, ನೆಲ ತೊಳೆದು, ಮಂಚವನ್ನು ಎಳೆದು ಹಾಕಿದಳು. ಇದ್ದ ಒಂದು ಕಿಟಕಿ ಪಕ್ಕದವರ ಗೋಡೆಗೆ ಮುಖ ಮಾಡಿತ್ತು. ಸೋಮವಾರ ಎಂಟೂವರೆಗೆ, ಮಕ್ಕಳು ಬರುವ ಮೊದಲು, ತಿಂಡಿ ತಿನ್ನಿಸಿ ಗಂಡನನ್ನು ಎಬ್ಬಿಸಿದಳು. ಅವನು ಅವಳ ಹೆಗಲಿಗೆ ಭಾರ ಹಾಕಿ, ಒಂದು ಕಾಲು ಎಳೆಯುತ್ತಾ, ಅಭ್ಯಾಸದಂತೆ ಜಗಲಿಯ ಕಡೆ ತಿರುಗಿದ.

“ಅಲ್ಲಿಗಲ್ಲ. ಈಚೆ.”

ಕೋಣೆಯ ಬಾಗಿಲಿನಲ್ಲಿ ಅವನು ನಿಂತ. ಎಡಗೈ ಬಾಗಿಲ ಚೌಕಟ್ಟಿನ ದಾರಂದವನ್ನು ಹಿಡಿಯಿತು. ಅವಳು ಎಳೆಯಲಿಲ್ಲ, ಬೈಯಲಿಲ್ಲ. “ಸಂಜೆವರೆಗೆ ಮಾತ್ರ. ಆಮೇಲೆ ಜಗಲಿಯಲ್ಲೇ ಕೂರುವ, ಇಬ್ಬರೂ,” ಎಂದಳು. ಅವನು ಅವಳ ಮುಖವನ್ನು ನೋಡಿದ. ಆ ನೋಟದಲ್ಲಿ ಪ್ರಶ್ನೆ ಇತ್ತೋ, ಅಥವಾ ಎಲ್ಲ ಗೊತ್ತಿತ್ತೋ! ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಷ್ಟು ಬಲ ಉಂಟು ಇನ್ನೂ, ಎಂದುಕೊಂಡಳು.

ಚೈತಾಲಿ ಮೋಕ್ಷಾಳನ್ನು ಕರೆತಂದಾಗ ಕ್ಯಾಮರಾ ಗೋಡೆಯ ಮೂಲೆಯಲ್ಲಿತ್ತು, ಜಿರಾಫೆಯ ಮೇಲೆ, ಬಿಳಿ ಬಣ್ಣದ್ದು, ಮುಷ್ಟಿಯಷ್ಟು ದೊಡ್ಡದು. ಮಣಿಕಟ್ಟಿನ ಗುರುತು ಹಳದಿಯಾಗಿ ಮಾಸುತ್ತಿತ್ತು. ಮಗು ಜಗಲಿ ನೋಡಿ, ಒಳಗೆ ಹಾಲಿನಲ್ಲೂ ನೋಡಿ, “ಅಜ್ಜ ಎಲ್ಲಿ?” ಎಂದಿತು. ಚೈತಾಲಿ ತಲೆ ತಗ್ಗಿಸಿ ಮಗುವಿನ ಶೂ ಬಿಚ್ಚುತ್ತಿದ್ದಳು.

“ಅಜ್ಜ ಮಲಗಿದ್ದಾರೆ,” ಎಂದಳು ಕುಶಲಾ.

“ಕುಶಲಕ್ಕ,” ಎಂದಳು ಚೈತಾಲಿ, ತಲೆ ಎತ್ತದೆ, “ನನಗೂ ಬೇಜಾರುಂಟು.”

“ನಿನಗೆ ಬಸ್ಸಿಗೆ ತಡ ಆಗ್ತದೆ. ನಡೆ.”

ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಕೂಸು ಮಲಗಿತು. ದೊಡ್ಡವರಿಬ್ಬರು ಲೋಟಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹಿಂದಿನ ಕೋಣೆಯಿಂದ ಒಂದು ಸಲ “ಅದು” ಎಂಬ ದನಿ ಬಂತು. ಕಾರ್ಲ್ಟನನ ಬಾಯಿ ಒರೆಸುತ್ತಿದ್ದ ಕುಶಲಾ, ಈಗ ಹೋಗುವ ಎಂದುಕೊಂಡಳು. ಗಂಜಿ ಬಡಿಸಿ, ತಟ್ಟೆ ತೊಳೆದು, ಬಾಗಿಲು ತೆರೆದಾಗ ಮಂಚದ ಮೇಲೆ ಎಲ್ಲ ಒದ್ದೆಯಾಗಿತ್ತು. ಮುದ್ದಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ. ಎರಡು ವರ್ಷದಲ್ಲಿ ಹೀಗೆ ಆಗಿದ್ದು ಆಸ್ಪತ್ರೆಯಲ್ಲಿ ಮಾತ್ರ. ಮನೆಗೆ ಬಂದ ಮೇಲೆ ಅವನು ಪ್ರತಿ ಸಲವೂ ಹೇಳುತ್ತಿದ್ದ, ಅವಳು ಪ್ರತಿ ಸಲವೂ ಕೇಳಿಸಿಕೊಳ್ಳುತ್ತಿದ್ದಳು.

ಬಕೆಟ್ಟಿನಲ್ಲಿ ನೀರು ತಂದಳು. ಪಂಚೆ ಬಿಚ್ಚಿ ತೆಗೆದು, ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆ ಬಟ್ಟೆಯಿಂದ ಸೊಂಟ ಒರೆಸತೊಡಗಿದಳು. ಅವನ ಬೆನ್ನಿನ ಎಲುಬುಗಳು ಅವಳ ಅಂಗೈಗೆ ತಾಗುತ್ತಿದ್ದವು.

ಆಗ ಹಾಲಿನಿಂದ ಗಂಡಸಿನ ದನಿ ಕೇಳಿಸಿತು.

“ಆಂಟಿ?”

ಅವಳು ಬೆಚ್ಚಿದಳು. ಮನೆಯೊಳಗೆ ಯಾರು ಬಂದರು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಆ ಪೆಟ್ಟಿಗೆ ನೋಡುವುದಷ್ಟೇ ಅಲ್ಲ, ಮಾತೂ ಆಡುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಆಂಟಿ, ಮಕ್ಕಳು ಮಾತ್ರ ಕಾಣ್ತಾ ಇದ್ದಾರೆ. ನೀವು ಎಲ್ಲಿದ್ದೀರಿ?”

“ಪಪ್ಪಾ!” ಎಂದು ಮೋಕ್ಷಾ ಗೋಡೆಯ ಹತ್ತಿರ ಓಡಿದ ಸದ್ದಾಯಿತು.

ಕುಶಲಾ ಒಣ ಪಂಚೆಗೆ ಕೈ ಚಾಚಿದಳು. ಅದು ಕಿಟಕಿಯ ಬಳಿ ಇತ್ತು. “ಆಂಟಿ?” ಎಂದಿತು ದನಿ ಮತ್ತೊಮ್ಮೆ, ಈಗ ಸ್ವಲ್ಪ ಗಾಬರಿಯಿಂದ. ಅವಳು ಹೊದಿಕೆಯನ್ನು ಗಂಡನ ಮೇಲೆ ಎಳೆದಳು. “ಈಗ ಬರ್ತೇನೆ,” ಎಂದಳು ಅವನ ಕಿವಿಯ ಹತ್ತಿರ. ಹೊರಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು.

“ಇಲ್ಲೇ ಇದ್ದೇನೆ ಮಗಾ. ಇಲ್ಲೇ.”

“ಆಯ್ತು ಆಂಟಿ. ಕಾಣ್ಲಿಲ್ಲ ಅಂತ ಕೇಳಿದ್ದು. ಸ್ವಲ್ಪ ಹೊತ್ತು ನೋಡ್ತಾ ಇರ್ತೇನೆ, ನೀವು ನಿಮ್ಮ ಕೆಲಸ ಮಾಡಿ.”

ಅವಳು ಮ್ಯಾಟಿನ ನಡುವೆ, ತಾನು ಚೆನ್ನಾಗಿ ಕಾಣುವಲ್ಲಿ, ಕುಳಿತಳು. ಹಿಂದಿನ ಕೋಣೆಯಿಂದ ಒಂದು ಶಬ್ದವೂ ಬರಲಿಲ್ಲ. ಕಾರ್ಲ್ಟನ್ ಲೋಟ ತಂದು ಅವಳ ಮಡಿಲಲ್ಲಿ ಇಟ್ಟ. ಅವಳ ಬೆರಳುಗಳ ತುದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಮೋಕ್ಷಾ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತು, ತನ್ನ ಫ್ರಾಕಿನ ಅಂಚನ್ನು ಹಿಡಿದು, ಮ್ಯಾಟಿನ ಮೇಲೆ ಬಿದ್ದ ಹನಿಗಳನ್ನು ಒಂದೊಂದಾಗಿ ಒರೆಸತೊಡಗಿದಳು.